ಓದುಗರ ಪ್ರಶ್ನೆ, ನಮ್ಮ ಉತ್ತರ: ಬುರ್ಕಿನಾ ಫಾಸೊದ ಹತ್ತಿಯೆಣ್ಣೆ, ಮದ್ದೂರಿನ ಗಾಣ

ಪ್ರಶ್ನೆ: ಮದ್ದೂರಿನಲ್ಲಿ ನಮ್ಮದೊಂದು ಮರದ ಗಾಣವಿದೆ. ಕಡಲೆಕಾಯಿ, ಎಳ್ಳು, ಕೊಬ್ಬರಿ, ಹುಚ್ಚೆಳ್ಳು ಆಡಿಸಿಕೊಡುತ್ತೇವೆ. ಯಂತ್ರಗಳ ದುರಸ್ತಿ ಕೆಲಸದ ಮೇಲೆ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿರುವ ನನ್ನ ಅಳಿಯಂದಿರು, ಅಲ್ಲಿಯ ಜನ ಹತ್ತಿಕಾಳಿನ ಎಣ್ಣೆಯಲ್ಲೇ ಅಡುಗೆ ಮಾಡುತ್ತಾರೆಂದು ಫೋನಿನಲ್ಲಿ ಹೇಳಿದರು. ನಾವು ಹಸುವಿಗೆ ರುಬ್ಬಿ ಹಾಕುವ ಕಾಳು ಅದು. ಎಚ್.ಡಿ. ಕೋಟೆ ಕಡೆಯ ಹತ್ತಿಕಾಳು ತರಿಸಿ, ನಮ್ಮ ಗಾಣದಲ್ಲೇ ಆಡಿಸಿ, ಗಾಣದೆಣ್ಣೆ ಎಂದು ಮಾರಬಹುದೇ?
– ಗಾಣದ ಮಾಲೀಕರು, ಮದ್ದೂರು

ಉತ್ತರ: ಮಾರಬಾರದು, ಮನೆಯ ಬಳಕೆಗೂ ಆಡಿಸಬಾರದು. ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ನೀವು ಈಗ ಆಡಿಸುವ ನಾಲ್ಕೂ ಕಾಳುಗಳ ಎಣ್ಣೆಯನ್ನು ಗಾಣದಿಂದ ಇಳಿಸಿ, ತಿಳಿಯಾಗಲು ಬಿಟ್ಟು, ಸೋಸಿದರೆ ಬಾಣಲೆಗೆ ಹಾಕಬಹುದು. ಹತ್ತಿಕಾಳಿನ ಮಾತು ಬೇರೆ. ಒಂದು ಕಾಳನ್ನು ಬ್ಲೇಡಿನಿಂದ ಅಡ್ಡಲಾಗಿ ಸೀಳಿ ಬೆಳಕಿಗೆ ಹಿಡಿದು ನೋಡಿ: ಕೆನೆಬಣ್ಣದ ತಿರುಳಿನ ತುಂಬ ಸಾಸಿವೆಗಿಂತ ಎಷ್ಟೋ ಸಣ್ಣದಾದ ಕಪ್ಪು ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆಗಳೊಳಗೆ ಗಾಸಿಪಾಲ್ ಎಂಬ ಹಳದಿ ಬಣ್ಣದ ವಿಷವಸ್ತುವಿದೆ. ಹುಳುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವೇ ಮಾಡಿಕೊಂಡಿರುವ ಏರ್ಪಾಡು ಅದು. ಗಾಣದಲ್ಲಿ ಕಾಳು ಜಜ್ಜಿದಾಗ ಚುಕ್ಕೆಗಳು ಒಡೆದು ಅದರ ಒಂದು ಪಾಲು ಎಣ್ಣೆಗೇ ಸೇರುತ್ತದೆ. ಹಸಿ ಹತ್ತಿಯೆಣ್ಣೆ ಹುಣಸೆರಸದಂತೆ ಕಪ್ಪುಗೆಂಪಾಗಿ ಕಾಣುವುದು ಇದರಿಂದಲೇ.

ಈ ವಿಷ ಒಂದೇ ದಿನದಲ್ಲಿ ಮಲಗಿಸುವಂಥದಲ್ಲ, ಆದ್ದರಿಂದಲೇ ಮೋಸಹೋಗುವುದು ಸುಲಭ. ಚೀನಾದ ಕೆಲವು ಹಳ್ಳಿಗಳಲ್ಲಿ ಸಂಸ್ಕರಿಸದ ಹತ್ತಿಯೆಣ್ಣೆಯನ್ನೇ ಅಡುಗೆಗೆ ಬಳಸುತ್ತಿದ್ದ ಕುಟುಂಬಗಳಿಗೆ ಮಕ್ಕಳಾಗದಿರುವುದನ್ನು ಗಮನಿಸಿದ ವೈದ್ಯರು, ಗಂಡಸರ ವೀರ್ಯೋತ್ಪತ್ತಿ ಕುಂದಲು ಗಾಸಿಪಾಲ್ ಕಾರಣವೆಂದು ಕಂಡುಕೊಂಡರು. 1970ರ ದಶಕದಲ್ಲಿ ಅದನ್ನೇ ಗಂಡಸರ ಸಂತಾನನಿರೋಧಕ ಮಾತ್ರೆಯಾಗಿ ಅಲ್ಲಿ ಪರೀಕ್ಷಿಸಿದ್ದೂ ಉಂಟು. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು, ಮಾತ್ರೆ ನಿಲ್ಲಿಸಿದ ಮೇಲೂ ಕೆಲವರಲ್ಲಿ ಫಲವಂತಿಕೆ ಮರಳದಿರುವುದು ಕಂಡುಬಂದು ಆ ಪ್ರಯತ್ನವನ್ನು ಕೈಬಿಡಲಾಯಿತು.

ಹಾಗಾದರೆ ಬುರ್ಕಿನಾ ಫಾಸೊದವರು ತಿನ್ನುವುದು ಏನನ್ನು? ನಿಮ್ಮ ಅಳಿಯಂದಿರು ಹೇಳಿದ್ದು ನಿಜವೇ, ಆದರೆ ಅದು ಸಂಸ್ಕರಿಸಿದ ಎಣ್ಣೆ. ಆ ದೇಶದ ಪಶ್ಚಿಮ ಭಾಗದಲ್ಲಿ, ಬೊಬೊ-ಡಿಯುಲಾಸ್ಸೊ ನಗರದ ಸುತ್ತಮುತ್ತ, ಮಳೆಯನ್ನೇ ನಂಬಿ ಹತ್ತಿ ಬೆಳೆಯುತ್ತಾರೆ. ಮೇ ಕೊನೆ, ಜೂನ್ ಹೊತ್ತಿಗೆ ಬಿತ್ತಿದರೆ ಅಕ್ಟೋಬರಿನಿಂದ ಕೈಯಲ್ಲಿ ಬಿಡಿಸುತ್ತಾರೆ. ಮಂಡ್ಯದವರಿಗೆ ಅಲ್ಲಿಯ ವ್ಯವಸ್ಥೆಯನ್ನು ವಿವರಿಸುವುದು ಸುಲಭ, ಏಕೆಂದರೆ ಅದು ಕಬ್ಬು ಮತ್ತು ಸಕ್ಕರೆ ಕಾರ್ಖಾನೆಯ ಸಂಬಂಧವನ್ನು ಬಹುಮಟ್ಟಿಗೆ ಹೋಲುತ್ತದೆ. 1979ರಲ್ಲಿ ಆರಂಭವಾದ ಸೋಫಿಟೆಕ್ಸ್ ಎಂಬ ಕಂಪನಿ ತನ್ನ ವಲಯದ ರೈತರಿಗೆ ಬಿತ್ತನೆ ಬೀಜ, ಗೊಬ್ಬರ, ಔಷಧಿಗಳನ್ನು ಸಾಲವಾಗಿ ಕೊಟ್ಟು, ಬೆಳೆ ಕೊಂಡಾಗ ಆ ಸಾಲವನ್ನು ಮುರಿದುಕೊಂಡು ಉಳಿದದ್ದನ್ನು ಪಾವತಿಸುತ್ತದೆ. ಸಾಲಕ್ಕೆ ಊರಿನ ಬೆಳೆಗಾರರ ಗುಂಪು ಒಟ್ಟಾಗಿ ಹೊಣೆ. ಒಬ್ಬರ ಬೆಳೆ ಕೈಕೊಟ್ಟರೆ ಅಕ್ಕಪಕ್ಕದವರ ಲೆಕ್ಕದಲ್ಲೂ ಕಡಿತವಾಗುತ್ತದೆಂಬ ಕಾರಣಕ್ಕೆ ಅಲ್ಲಿಯ ಊರುಗಳಲ್ಲಿ ಜಗಳಗಳಾದದ್ದುಂಟು. 2004ರಲ್ಲಿ ದೇಶದ ನಡುಭಾಗ ಮತ್ತು ಪೂರ್ವಭಾಗಗಳು ಬೇರೆ ಎರಡು ಕಂಪನಿಗಳ ಪಾಲಾದವು.

ನಿಮಗೆ ಮುಖ್ಯವಾದ ಸಂಗತಿ ಮುಂದಿನದು. ರೈತ ಮಾರುವುದು ಬೀಜಸಹಿತವಾದ ಹತ್ತಿಯನ್ನು. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬೇರೆಯಾದ ಮೇಲೆ ಉಳಿಯುವ ಕಾಳು ಕಂಪನಿಯದು. ಅಲ್ಲಿ 100 ಕೆಜಿ ಹತ್ತಿಗೆ ಅರಳೆ ಸುಮಾರು 42 ಕೆಜಿ. ಉಳಿದುದರಲ್ಲಿ ಬಹುಪಾಲು ಕಾಳೇ. ಅರಳೆ ಬಹುತೇಕ ಎಲ್ಲವೂ ಹಡಗೇರಿ ಪರದೇಶಕ್ಕೆ ಹೋಗುತ್ತದೆ, ಕಾಳು ಮಾತ್ರ ದೇಶದಲ್ಲೇ ಉಳಿದು ಬೊಬೊ-ಡಿಯುಲಾಸ್ಸೊದ ಎಸ್‌ಎನ್ ಸಿಟೆಕ್‌ನಂಥ ಎಣ್ಣೆ ಕಾರ್ಖಾನೆಗಳಿಗೆ ಸೇರುತ್ತದೆ. ಬಟ್ಟೆಯ ಬೆಳೆ ಎಂದು ನಾವು ತಿಳಿದಿರುವುದು ಆ ದೇಶಕ್ಕೆ ಅಡುಗೆ ಎಣ್ಣೆಯ ಬೆಳೆಯೂ ಹೌದು.

ಕಾರ್ಖಾನೆಯಲ್ಲಿ ಕಾಳಿಗೆ ಅಂಟಿದ ಸಣ್ಣ ನಾರನ್ನು ಹೆರೆದು, ಸಿಪ್ಪೆ ಒಡೆದು, ತಿರುಳನ್ನು ಅವಲಕ್ಕಿಯಂತೆ ತೆಳುವಾಗಿ ಒತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದಾಗ ಗಾಸಿಪಾಲಿನ ಹೆಚ್ಚಿನ ಪಾಲು ಪ್ರೋಟೀನಿಗೆ ಅಂಟಿಕೊಂಡು ಹಿಂಡಿಯಲ್ಲಿ ಉಳಿಯುತ್ತದೆ. ಆಮೇಲೆ ಎಕ್ಸ್‌ಪೆಲ್ಲರ್ ಎಂಬ ಯಂತ್ರದಲ್ಲಿ ಹಿಂಡುವುದು. ದೊಡ್ಡ ಕಾರ್ಖಾನೆಗಳಾದರೆ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರಾವಕದಿಂದ ತೆಗೆಯುತ್ತಾರೆ. ಇಷ್ಟಾದರೂ ಬರುವುದು ಆ ಕಪ್ಪುಗೆಂಪು ಎಣ್ಣೆಯೇ. ನಿಜವಾದ ಕೆಲಸ ಇಲ್ಲಿಂದ ಮುಂದೆ: ಎಣ್ಣೆಯ ಆಮ್ಲೀಯತೆಯನ್ನು ಅಳೆದು ಅದಕ್ಕೆ ತಕ್ಕಷ್ಟು ಕಾಸ್ಟಿಕ್ ಸೋಡಾ ದ್ರಾವಣ ಬೆರೆಸಿದರೆ ಗಾಸಿಪಾಲ್ ಮತ್ತು ಬಿಡಿ ಆಮ್ಲಗಳು ಸಾಬೂನಿನ ಗಸಿಯಾಗಿ ತಳಕ್ಕಿಳಿಯುತ್ತವೆ. ಗಸಿ ಸಾಬೂನು ತಯಾರಿಕೆಗೆ ಹೋಗುತ್ತದೆ. ಮೇಲಿನ ಎಣ್ಣೆಯನ್ನು ಬಿಸಿನೀರಿನಲ್ಲಿ ತೊಳೆದು, ವಿಶೇಷ ಜೇಡಿಮಣ್ಣಿನಿಂದ ಬಣ್ಣ ತೆಗೆದು, ನಿರ್ವಾತದಲ್ಲಿ 200 ಡಿಗ್ರಿಗೂ ಮೀರಿದ ಶಾಖದಲ್ಲಿ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ. ಹಸಿ ಎಣ್ಣೆಯನ್ನು ವಾರಗಟ್ಟಲೆ ಸೆಕೆಯಲ್ಲಿ ಇಟ್ಟರೆ ಬಣ್ಣ ಕಚ್ಚಿಕೊಂಡು, ಮುಂದೆ ಎಷ್ಟು ತೊಳೆದರೂ ತಿಳಿಯಾಗುವುದಿಲ್ಲ.

ಎಕ್ಸ್‌ಪೆಲ್ಲರ್ ಅನ್ನು ಯಾರು ಬೇಕಾದರೂ ಕೊಳ್ಳಬಹುದು, ಈ ಶುದ್ಧೀಕರಣದ ಯಂತ್ರಗಳ ಸರಣಿಯನ್ನು ಹಾಗೆ ಕೊಳ್ಳಲಾಗದು. ಬುರ್ಕಿನಾ ಫಾಸೊದಲ್ಲೇ ಸಣ್ಣ ಸಣ್ಣ ಎಣ್ಣೆ ಘಟಕಗಳು ತಲೆಯೆತ್ತಿ, ಅರೆಬರೆ ಶುದ್ಧಮಾಡಿದ ಹತ್ತಿಯೆಣ್ಣೆ ಸಂತೆಗೆ ಬಂದು, ಅದು ಆರೋಗ್ಯದ ತಕರಾರಾಗಿದೆ. ನಮ್ಮಲ್ಲಂತೂ ತಿನ್ನಲು ಮಾರುವ ಹತ್ತಿಬೀಜದ ಎಣ್ಣೆ ಶುದ್ಧೀಕರಿಸಿದ್ದೇ ಆಗಿರಬೇಕೆಂದು ಆಹಾರ ನಿಯಮವಿದೆ. ಶುದ್ಧೀಕರಿಸಿದ ಮೇಲೆ ಅದು ಒಳ್ಳೆಯ ಎಣ್ಣೆಯೇ. ಗುಜರಾತಿನವರು ಕಪಾಸಿಯಾ ತೇಲ್ ಎಂದು ಕರೆದು ಫರಸಾಣ ತಿಂಡಿಗಳನ್ನು ಕರಿಯುವುದು ಅದರಲ್ಲೇ. ‘ಗಾಣದ್ದು ಎಂದರೆ ಶುದ್ಧ, ರಿಫೈನ್ಡ್ ಎಂದರೆ ಕೆಟ್ಟದ್ದು’ ಎಂದು ಇತ್ತೀಚೆಗೆ ಎಲ್ಲೆಡೆ ಕೇಳಿಬರುವ ಮಾತು ಕಡಲೆಕಾಯಿಯ ಮಟ್ಟಿಗೆ ಹೇಗಾದರೂ ಇರಲಿ, ಹತ್ತಿಕಾಳಿನ ವಿಷಯದಲ್ಲಿ ಅದು ತಲೆಕೆಳಗಾದ ಮಾತು.

ಪ್ರಶ್ನೆ: ನಾವು ಬೆಳೆಯುವುದು ಬಿಟಿ ಹತ್ತಿ, ಅಂದರೆ ಕಾಯಿಕೊರಕ ಹುಳುವನ್ನು ತಡೆಯುವ ಗುಣವನ್ನು ಪ್ರಯೋಗಾಲಯದಲ್ಲಿ ಸೇರಿಸಿದ ತಳಿ. ಬುರ್ಕಿನಾ ಫಾಸೊ ಅದನ್ನು ಬೆಳೆದು ಕೈಬಿಟ್ಟಿತೆಂದು ಓದಿದೆ. ಹುಳು ತಡೆಯಲಿಲ್ಲವೇ?
– ಹತ್ತಿ ಬೆಳೆಗಾರರು, ಎಚ್.ಡಿ. ಕೋಟೆ

ಉತ್ತರ: ಹುಳು ತಡೆಯಿತು. ಅಲ್ಲಿ 2008ರಲ್ಲಿ ವಾಣಿಜ್ಯ ಬೇಸಾಯ ಆರಂಭವಾದಾಗ ಔಷಧಿ ಸಿಂಪಡಣೆ ಆರರಿಂದ ಎರಡಕ್ಕೆ ಇಳಿಯಿತು, ರೈತರಿಗೂ ಒಪ್ಪಿಗೆಯಾಯಿತು. ಸೋತದ್ದು ನಾರಿನಲ್ಲಿ. ಪಶ್ಚಿಮ ಆಫ್ರಿಕಾದ ಹತ್ತಿಗೆ ಪೇಟೆಯಲ್ಲಿ ಹೆಸರಿದ್ದದ್ದು ಕೈಯಲ್ಲಿ ಬಿಡಿಸಿದ ಉದ್ದ ಎಳೆಗೆ. ಅಮೆರಿಕದ ತಳಿಯಿಂದ ಬಂದ ಬಿಟಿ ಗುಣವನ್ನು ಸ್ಥಳೀಯ ತಳಿಗಳಿಗೆ ಕೂಡಿಸಿದ ಮೇಲೆ ಎಳೆ ಗಿಡ್ಡವಾಯಿತು, 100 ಕೆಜಿಗೆ ಇಳಿಯುವ ಅರಳೆಯೂ ಕಡಿಮೆಯಾಯಿತು. ರೈತನಿಗೆ ಹತ್ತಿಯ ತೂಕಕ್ಕೆ ದುಡ್ಡು, ಕಂಪನಿಗೆ ಅರಳೆಯ ಗುಣಕ್ಕೆ ದುಡ್ಡು. ನಷ್ಟ ಕಂಪನಿಯ ಮೇಲೆ ಬಿತ್ತು. ಬೀಜ ಕೊಡುವವರೂ ಅವರೇ ಆದ್ದರಿಂದ 2016ರ ಹೊತ್ತಿಗೆ ಹಳೆಯ ತಳಿಗೆ ಮರಳುವ ತೀರ್ಮಾನವೂ ಅವರದೇ ಆಯಿತು. ಇಲ್ಲಿ ನೀವು ಅಂಗಡಿಯಲ್ಲಿ ಪೊಟ್ಟಣ ಆರಿಸುತ್ತೀರಿ, ಅಲ್ಲಿಯ ರೈತನಿಗೆ ಆ ಆಯ್ಕೆ ಇಲ್ಲ. ನಮ್ಮಲ್ಲಿ ಬಿಟಿಯ ಕಷ್ಟ ಇನ್ನೊಂದು ಬಗೆಯದು: ಗುಲಾಬಿ ಕಾಯಿಕೊರಕ ಅದಕ್ಕೆ ಜಗ್ಗದಷ್ಟು ನಿರೋಧ ಬೆಳೆಸಿಕೊಂಡಿದೆ.

ಪ್ರಶ್ನೆ: ಹಸುವಿಗೆ ಹತ್ತಿಕಾಳು ಹಾಕುತ್ತೇವಲ್ಲ, ಅದಕ್ಕೆ ವಿಷವಿಲ್ಲವೇ? ಕೋಳಿಗೂ ಹಾಕಬಹುದೇ?
– ಗೃಹಿಣಿ, ಮೈಸೂರು ತಾಲ್ಲೂಕು

ಉತ್ತರ: ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಗಾಸಿಪಾಲ್ ಪ್ರೋಟೀನಿಗೆ ಅಂಟಿ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ, ಆದ್ದರಿಂದ ಹಾಲು ಕೊಡುವ ಹಸು, ಎಮ್ಮೆಗಳಿಗೆ ಮಿತಿಯಲ್ಲಿ ಹಾಕುವ ಹಳೆಯ ರೂಢಿ ಸರಿಯಾದದ್ದೇ. ಎಳೆಗರುವಿಗೆ ಆ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ, ಅದಕ್ಕೆ ಬೇಡ. ಕೋಳಿಗೂ ಬೇಡ: ಹತ್ತಿಹಿಂಡಿ ತಿಂದ ಕೋಳಿಯ ಮೊಟ್ಟೆಯನ್ನು ಕೆಲವು ದಿನ ಇಟ್ಟು ಒಡೆದರೆ ಹಳದಿ ಭಾಗ ಪಾಚಿಯ ಬಣ್ಣಕ್ಕೆ, ಬಿಳಿ ಭಾಗ ಕೆಲವೊಮ್ಮೆ ನಸುಗುಲಾಬಿಗೆ ತಿರುಗಿರುತ್ತದೆ.