ಆಕ್ಸಿಮೀಟರ್ 97 ತೋರಿಸಿದರೂ ಸುಸ್ತು ಯಾಕೆ?

ಆಕ್ಸಿಮೀಟರ್‌ನಲ್ಲಿ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ) ಶೇಕಡಾ 97 ಬರುತ್ತಿದ್ದರೂ ದಿನವಿಡೀ ಸುಸ್ತು ಅಂದಿದ್ದೀರಿ. ನನ್ನ ಮೊದಲ ಅನುಮಾನ ರಕ್ತಹೀನತೆಯ ಮೇಲೆ, ಆದರೆ ಪರೀಕ್ಷೆ ಮಾಡಿಸದೆ ಖಚಿತ ಹೇಳಲಾಗದು. ರಕ್ತದಲ್ಲಿ ಆಮ್ಲಜನಕ ಹೊರುವ ಅಂಶವೇ ಹಿಮೋಗ್ಲೋಬಿನ್. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಅಂತ ಮಾತ್ರ ಆ ಯಂತ್ರ ಹೇಳುತ್ತದೆ. ಹಿಮೋಗ್ಲೋಬಿನ್ ಪ್ರಮಾಣವೇ ಕಡಿಮೆ ಇದ್ದರೂ, ಅಂದರೆ ರಕ್ತಹೀನತೆ ಇದ್ದರೂ, 97 ಬರಬಹುದು. ನಾನು ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಸುಮ್ನೆ ಕೂತಿದ್ದೆ, ನೀವು ಹಾಗೆ ಮಾಡಬೇಡಿ.

ಮೊದಲು ಸರಿಯಾಗಿ ಅಳೆಯಿರಿ. ಉಗುರುಬಣ್ಣ ತೆಗೆದು, ಕೈ ಬೆಚ್ಚಗೆ ಮಾಡಿಕೊಂಡು, 5 ನಿಮಿಷ ಕೂತಿರಿ. ಬೆರಳು ಅಲುಗಿಸದೆ ಅಂಕಿ ನಿಲ್ಲುವವರೆಗೆ ಕಾಯಿರಿ. ಆಮೇಲೆ 6 ನಿಮಿಷ ನಡೆದು ತಕ್ಷಣ ಮತ್ತೆ ನೋಡಿ. ಒಂದು ವಾರ ಎರಡನ್ನೂ ಬರೆದಿಡಿ. ಒಂದೆರಡು ಅಂಕಿಯ ವ್ಯತ್ಯಾಸ ಯಂತ್ರದ್ದೇ ಇರಬಹುದು. ನಡೆದ ಮೇಲೆ 4 ಅಥವಾ ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಆ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ.

ಇಳಿಯದಿದ್ದರೂ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣಾಂಶದ ಸಂಗ್ರಹ ತೋರಿಸುವುದು), ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ಕೇಳಿ. ಗೊರಕೆ, ಬೆಳಗ್ಗೆ ತಲೆನೋವು ಇದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಆಮ್ಲಜನಕ ಇಳಿಯುತ್ತಿದ್ದರೆ ಹಗಲಿನ ಅಳತೆಯಲ್ಲಿ ಅದು ಕಾಣುವುದಿಲ್ಲ.

ಸುಮ್ನೆ ಕೂತಾಗಲೂ ಮತ್ತೆ ಮತ್ತೆ 92 ಅಥವಾ ಕಡಿಮೆ ಬಂದರೆ, ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.