ಅಮ್ಮನ ಎಡಗೈ ಬರಹ

(ನನ್ನ ಬಳಿ ಸಲಹೆಗೆ ಬಂದ ಒಂದು ಕುಟುಂಬದ ಕಥೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗನಿಗೆ ಏಳು ವರ್ಷ, ಎರಡನೇ ಕ್ಲಾಸು. "ಬರೆಯೋಕೆ ಕೂತ್ರೆ ಹೊಟ್ಟೆನೋವು ಅಂತಾನೆ. ಮೊನ್ನೆ ನೋಟ್‌ಬುಕ್ಕೇ ಹರಿದು ಹಾಕಿದ. ಬರೀ ಸೋಮಾರಿತನ ಮೇಡಂ" ಎಂದರು ತಾಯಿ. ತಂದೆಯೂ ತಲೆಯಾಡಿಸಿದರು.

ನೋಟ್‌ಬುಕ್ ತೆಗೆದು ನೋಡಿದೆ. ಒಂದೇ ವಾಕ್ಯವನ್ನು ಹತ್ತು ಸಲ ಬರೆಯಬೇಕಿತ್ತು. ಮೊದಲ ಪದ ಹತ್ತೂ ಸಾಲಿನಲ್ಲಿ ಇತ್ತು, ಎರಡನೆಯದೂ ಇತ್ತು. ಮೂರನೆಯದು ಆರನೇ ಸಾಲಿಗೆ ನಿಂತಿತ್ತು. ಅಂದರೆ ಹುಡುಗ ವಾಕ್ಯ ಬರೆದೇ ಇರಲಿಲ್ಲ. ಕಂಬ ನಿಲ್ಲಿಸಿದ ಹಾಗೆ ಒಂದೊಂದೇ ಪದವನ್ನು ಮೇಲಿಂದ ಕೆಳಗೆ ಇಳಿಸಿದ್ದ. ಪೆನ್ಸಿಲ್ ಎಷ್ಟು ಒತ್ತಿದ್ದನೆಂದರೆ ಅಕ್ಷರಗಳು ಹಿಂದಿನ ಪುಟದಲ್ಲಿ ಬೆರಳಿಗೆ ಸಿಗುತ್ತಿದ್ದವು.

ಕಲಿಕೆಯ ತೊಂದರೆ ಏನಾದರೂ ಇದೆಯಾ ಅಂತ ಮೊದಲು ನೋಡಬೇಕಾಯಿತು. ಕಥೆ ಪುಸ್ತಕ ಕೊಟ್ಟೆ. ತಡವರಿಸದೆ ಓದಿದ, ನರಿ ಮಾಡಿದ್ದು ಮೋಸ ಅಂತ ನನ್ನ ಜೊತೆ ವಾದಕ್ಕೂ ಇಳಿದ. ಕಣ್ಣಿನ ಪರೀಕ್ಷೆ ಮೊದಲೇ ಆಗಿತ್ತು.

ಆಮೇಲೆ ದಿನದ ಲೆಕ್ಕ ಕೇಳಿದೆ. ಶಾಲೆಯಿಂದ ಬಂದ ಅರ್ಧ ಗಂಟೆಗೆ ಹೋಂವರ್ಕ್ ಶುರು. ಅಳು, ಬೈಗುಳ, ಊಟ ಎಲ್ಲ ಸೇರಿ ಮುಗಿಯುವಾಗ ಒಂಬತ್ತೂವರೆ. ಮಲಗುವುದು ಹತ್ತೂಕಾಲು, ಏಳುವುದು ಆರಕ್ಕೆ. ಎಂಟು ಗಂಟೆ ನಿದ್ದೆಯೂ ಇಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾತಜ್ಞರು.

ಎರಡನೇ ಸಲ ತಾಯಿ ಒಬ್ಬರೇ ಬಂದರು. ಸ್ಟಾರ್ ಬಿದ್ದಿದ್ದ ಒಂದು ಪುಟ ತೋರಿಸಿ, "ಇದು ನಾನು ಬರೆದಿದ್ದು. ಅವನ ಅಕ್ಷರದ ಥರ ಕಾಣಲಿ ಅಂತ ಎಡಗೈಯಲ್ಲಿ ಬರೀತೀನಿ" ಎಂದರು. ನನಗೆ ನಗು ಬಂತು, ನಗಬಾರದಿತ್ತು. ಅವರು ಅಳುತ್ತಿದ್ದರು.

ನಾನು ಹೇಳಿದ್ದು ಇಷ್ಟು. ಅಮ್ಮ ಮುಗಿಸಿ ಕಳಿಸಿದರೆ ಟೀಚರ್‌ಗೆ ಕಾಣುವುದು ಪೂರ್ತಿ ಪುಟ ಮಾತ್ರ. ಜಾಸ್ತಿ ಆಯಿತು ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ಹೋಂವರ್ಕನ್ನು ಪುಟದ ಲೆಕ್ಕದಲ್ಲಿ ಅಳೆಯಬೇಡಿ, ಗಡಿಯಾರ ಇಡಿ. ಕ್ಲಾಸಿಗೆ ಹತ್ತು ನಿಮಿಷ ಅಂತ ಒಂದು ರೂಢಿಯ ಅಳತೆ ಇದೆ. ಎರಡನೇ ಕ್ಲಾಸಿಗೆ ಇಪ್ಪತ್ತು ನಿಮಿಷ. ಅಷ್ಟಾದ ಮೇಲೆ ಎಲ್ಲಿಗೆ ಬಂದಿರುತ್ತಾನೋ ಅಲ್ಲೇ ಗೆರೆ ಎಳೆದು, "20 ನಿಮಿಷ ಇಲ್ಲಿಗೆ ಮುಗಿಯಿತು" ಎಂದು ಬರೆದು ಸಹಿ ಹಾಕಿ. ಬಂದ ತಕ್ಷಣ ಕೂರಿಸಬೇಡಿ, ಒಂದು ಗಂಟೆ ಆಡಲಿ. ರಾತ್ರಿ ಹತ್ತು ನಿಮಿಷ ಅವನಿಗೆ ಇಷ್ಟವಾದದ್ದನ್ನು ಜೊತೆಗೆ ಕೂತು ಓದಿ. ಎಡಗೈ ಕೆಲಸ ಇವತ್ತಿಗೇ ನಿಲ್ಲಲಿ.

ತಂದೆ ಫೋನ್ ಮಾಡಿ, "ಈಗ ಅಭ್ಯಾಸ ಆಗದಿದ್ರೆ ಮುಂದೆ ಗತಿ ಏನು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಹಲವು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ್ದರು. ಹೋಂವರ್ಕಿಗೂ ಕಲಿಕೆಗೂ ನಂಟು ಕಂಡಿದ್ದು ಹೆಚ್ಚಾಗಿ ಏಳನೇ ತರಗತಿಯಿಂದ ಮೇಲೆ. ಚಿಕ್ಕ ತರಗತಿಗಳಲ್ಲಿ ಅದು ತೀರಾ ತೆಳು. ಇದನ್ನೇ ಹೇಳಿದೆ. ದಿನಾ ಕೂರುವ ಅಭ್ಯಾಸ ಬೇಕು, ಸರಿ. ಅದಕ್ಕೆ ಇಪ್ಪತ್ತು ನಿಮಿಷ ಸಾಕು. ಮೂರು ಗಂಟೆ ಕೂರಿಸಿದರೆ ಅಭ್ಯಾಸವಾಗುವುದು ಹೊಟ್ಟೆನೋವು.

ಗೆರೆ ಎಳೆದ ಪುಟ ನಾಲ್ಕು ದಿನ ಹೋಯಿತು. ಐದನೇ ದಿನ ಟೀಚರ್ ತಾಯಿಯನ್ನು ಕರೆದು, "ಕಡಿಮೆ ಕೊಟ್ರೆ ಉಳಿದ ಪೇರೆಂಟ್ಸ್ ಬಂದು ಕೇಳ್ತಾರೆ, ನಾನೇನು ಮಾಡಲಿ?" ಎಂದರಂತೆ. ಅವರ ಕಷ್ಟವೂ ಸುಳ್ಳಲ್ಲ, ಅಲ್ವಾ? ಆದರೂ ಇವನಿಗೆ ಹತ್ತು ಸಲದ ಬದಲು ಮೂರು ಸಲ ಬರೆದರೆ ಸಾಕು ಅಂದರು.

ಒಂದು ತಿಂಗಳ ನಂತರ ಮತ್ತೆ ನೋಡಿದೆ. ಒಂಬತ್ತಕ್ಕೆಲ್ಲ ಮಲಗುತ್ತಾನೆ, ಹೊಟ್ಟೆನೋವು ಹದಿನೈದು ದಿನದಿಂದ ಇಲ್ಲ. ಲೆಕ್ಕದ ಹಾಳೆಗಳು ಮಾತ್ರ ಇನ್ನೂ ಇಪ್ಪತ್ತು ನಿಮಿಷ ಮೀರುತ್ತವೆ, ತಂದೆ ಗೆರೆ ಎಳೆಯಲು ಬಿಡುವುದಿಲ್ಲವಂತೆ. ಮುಂದಿನ ವಾರ ಅವರನ್ನೂ ಬರಹೇಳಿದ್ದೇನೆ.

ಹುಡುಗ ನೋಟ್‌ಬುಕ್ ತೋರಿಸಿದ. ಮೂರು ಸಾಲು, ಮೂರೂ ಎಡದಿಂದ ಬಲಕ್ಕೆ.