ತಪ್ಪು ಎಲ್ಲಿ ಆಗುತ್ತಿಲ್ಲ ಎಂದೂ ನೋಡಿ

ಪೀಣ್ಯದ ಘಟಕವೊಂದರಲ್ಲಿ ಹೊಸದಾಗಿ ಪ್ರೊಡಕ್ಷನ್ ಮ್ಯಾನೇಜರ್ ಆಗಿರುವ ಓದುಗರ ಪತ್ರ: “ನಮ್ಮಲ್ಲಿ ಎರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳಿವೆ. 25 ಮಿ.ಮೀ. ಶಾಫ್ಟ್‌ಗಳು ಅಳತೆ ತಪ್ಪಿ ರಿಜೆಕ್ಟ್ ಆಗುತ್ತಿವೆ. ಆಪರೇಟರ್‌ಗಳಿಗೆ ಎರಡು ಸಲ ತರಬೇತಿ ಕೊಡಿಸಿದರೂ ಪ್ರಯೋಜನವಾಗಿಲ್ಲ. ಹೊಸ ಮೆಷಿನ್ ತರೋಣವೇ ಎಂದು ಮಾಲೀಕರು ಕೇಳುತ್ತಿದ್ದಾರೆ. ಈ ವಾರವೇ ಉತ್ತರ ಹೇಳಬೇಕು. ಸರಿಯಾದ ನಿರ್ಧಾರ ಮಾಡುವುದನ್ನು ಕಲಿಯುವುದು ಹೇಗೆ?”

ಸಂಪಾದಕರ ಉತ್ತರ: ತರಬೇತಿ, ಹೊಸ ಮೆಷಿನ್ ಎಂದು ಎರಡು ಪರಿಹಾರಗಳನ್ನು ಬರೆದಿದ್ದೀರಿ. ಆದರೆ ಅಳತೆ ಎಷ್ಟು ತಪ್ಪುತ್ತಿದೆ, ಯಾವ ಹೊತ್ತಿನಲ್ಲಿ, ಯಾವ ಮೆಷಿನ್‌ನಲ್ಲಿ ಎಂಬುದು ಪತ್ರದಲ್ಲಿಲ್ಲ. ನಿರ್ಧಾರಗಳು ಹಾದಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಆಗುತ್ತಿದೆ’, ಬಲಕ್ಕೆ ‘ಆಗಬಹುದಿತ್ತು, ಆದರೆ ಆಗುತ್ತಿಲ್ಲ’ ಎಂದು ಬರೆಯಿರಿ. ಯಾವ ಭಾಗ, ಯಾವ ಅಳತೆ, ಯಾವ ಮೆಷಿನ್, ಯಾವ ಗಂಟೆ, ಎಂದಿನಿಂದ ಎಂಬ ಐದು ಪ್ರಶ್ನೆಗಳಿಗೆ ಎರಡೂ ಕಡೆ ಉತ್ತರ ತುಂಬಿ. ಅಮೆರಿಕದ ನಿರ್ವಹಣಾ ಸಲಹೆಗಾರರಾದ ಕೆಪ್ನರ್ ಮತ್ತು ಟ್ರೆಗೋ ರೂಪಿಸಿದ ಈ ಕ್ರಮದಲ್ಲಿ ಸುಳಿವು ಸಿಗುವುದು ಬಹುಪಾಲು ಬಲಗಡೆಯಿಂದ. ಇದಕ್ಕಾಗಿ ಒಂದು ವಾರ ಗಂಟೆಗೆ ಐದು ಶಾಫ್ಟ್ ಅಳೆಸಿ, ಮೈಕ್ರೋಮೀಟರ್ ತೋರಿಸಿದ ಅಂಕಿಯನ್ನೇ ಬರೆಸಿ. ‘ಓಕೆ’, ‘ರಿಜೆಕ್ಟ್’ ಎಂದಷ್ಟೇ ಬರೆದರೆ ಆ ಪುಸ್ತಕ ಯಾವ ಪ್ರಯೋಜನಕ್ಕೂ ಬಾರದು.

ಈಗ ಓದುವುದು ಹೇಗೆ? ನಿಮ್ಮ ಡ್ರಾಯಿಂಗ್‌ನಲ್ಲಿ ಅಳತೆಯ ಮಿತಿ ಸೂಚಿಸುವ ಎಚ್7 ಸಂಕೇತವಿದ್ದರೆ 25 ಮಿ.ಮೀ.ಗೆ ಸಿಗುವ ಅವಕಾಶ ಬರೀ 21 ಮೈಕ್ರಾನ್ (0.021 ಮಿ.ಮೀ.). ಬೆಳಗಿನ ಮೊದಲ ಗಂಟೆಯಲ್ಲಿ ತಪ್ಪಿ, ಅದೇ ಆಪರೇಟರ್ ಕೈಯಲ್ಲಿ ಹತ್ತರ ನಂತರ ಸರಿಯಾಗುತ್ತಿದ್ದರೆ ತರಬೇತಿಗೂ ಅದಕ್ಕೂ ಸಂಬಂಧವಿಲ್ಲ. ತಣ್ಣಗಿದ್ದ ಸ್ಪಿಂಡಲ್ (ಶಾಫ್ಟ್ ತಿರುಗಿಸುವ ಭಾಗ), ಬಾಲ್‌ಸ್ಕ್ರೂಗಳು (ಟೂಲ್ ಸರಿಸುವ ತಿರುಪುಗಳು) ಬಿಸಿಯಾಗಿ ಹಿಗ್ಗುವಾಗ ಅಳತೆ ಜರುಗುತ್ತದೆ. ಕೆಲಸಕ್ಕೆ ಮುಂಚೆ ಇಪ್ಪತ್ತು ನಿಮಿಷ ಮೆಷಿನ್ ಖಾಲಿ ಓಡಿಸಿ ನೋಡಿ. ವ್ಯಾಸ ನಿಧಾನವಾಗಿ ಹೆಚ್ಚುತ್ತಾ ಹೋಗಿ, ಲೋಹ ಕತ್ತರಿಸುವ ತುದಿಯಾದ ಇನ್ಸರ್ಟ್ ಬದಲಿಸಿದೊಡನೆ ಇಳಿದರೆ ಅದು ಇನ್ಸರ್ಟ್ ಸವೆತ.

ಅಳತೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರುತ್ತಿದ್ದರೆ ಆಪರೇಟರ್ ಪಕ್ಕ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಪ್ರತಿ ಶಾಫ್ಟ್ ಅಳೆದು ಆಫ್‌ಸೆಟ್ (ಟೂಲ್‌ನ ಸ್ಥಾನ ಹೊಂದಿಸುವ ಅಂಕಿ) ತಿದ್ದುತ್ತಿದ್ದಾರೆಯೇ? ಸ್ಥಿರವಾಗಿ ಓಡುತ್ತಿರುವ ಮೆಷಿನ್‌ಗೆ ಹೀಗೆ ಪ್ರತಿ ಸಲವೂ ತಪ್ಪಿದಷ್ಟನ್ನೇ ತಿದ್ದಿದರೆ ಅಳತೆಗಳ ಚದುರುವಿಕೆ ಸುಮಾರು ಶೇ 40ರಷ್ಟು ಹೆಚ್ಚುತ್ತದೆ. ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಆಲಿಕೆಯಿಂದ ಗೋಲಿ ಬೀಳಿಸುವ ಪ್ರಯೋಗದಲ್ಲಿ ತೋರಿಸುತ್ತಿದ್ದುದು ಇದನ್ನೇ. ಸತತ ಐದು ಶಾಫ್ಟ್‌ಗಳ ಸರಾಸರಿ ನೋಡಿ, ಅದು ನಡುವಿನಿಂದ ಸ್ಪಷ್ಟವಾಗಿ ಸರಿದಿದ್ದರೆ ಮಾತ್ರ ಆಫ್‌ಸೆಟ್ ಮುಟ್ಟಬೇಕು. ಶ್ರದ್ಧೆಯುಳ್ಳ ಆಪರೇಟರೇ ಈ ತಪ್ಪು ಹೆಚ್ಚು ಮಾಡುತ್ತಾರೆ. ಅವರನ್ನು ದಯವಿಟ್ಟು ಗದರಬೇಡಿ.

ಟೊಯೋಟಾದಲ್ಲಿ ತಾಯಿಚಿ ಓನೊ ಬಳಕೆಗೆ ತಂದ ‘ಐದು ಸಲ ಏಕೆ’ (ಮೂಲ ಕಾರಣ ಸಿಗುವವರೆಗೆ ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ’ ಎಂದು ಕೇಳುವ ಕ್ರಮ) ನಿಮಗೂ ಗೊತ್ತಿರಬಹುದು. ಅದನ್ನು ಮೀಟಿಂಗ್ ರೂಮಿನಲ್ಲಿ ಕುಳಿತು ಮಾಡಿದರೆ ಊಹೆಯ ಮೇಲೆ ಊಹೆ ಪೇರಿಸಿ, ಕೊನೆಗೆ ‘ಆಪರೇಟರ್ ನಿರ್ಲಕ್ಷ್ಯ’ಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಉತ್ತರಕ್ಕೂ ಶಾಪ್ ಫ್ಲೋರ್‌ನಲ್ಲಿ ಕಣ್ಣಾರೆ ಕಾಣುವ ಪುರಾವೆ ಬೇಕು. ಸಿಕ್ಕ ಕಾರಣವನ್ನೂ ಪರೀಕ್ಷಿಸಿ: ಮೂರು ದಿನ ಒಂದು ಮೆಷಿನ್‌ನಲ್ಲಿ ಮಾತ್ರ ಬದಲಾವಣೆ ಮಾಡಿ, ಇನ್ನೊಂದನ್ನು ಹಾಗೇ ಬಿಡಿ.

ಮೆಷಿನ್ ಖರೀದಿಯ ಮಾತು ಬೇರೆ. ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಬೇಡವೆನಿಸಿದರೆ ನಾಳೆಯೇ ನಿಲ್ಲಿಸಬಹುದು. ಸಾಲದ ಕಂತು ಹಾಗಲ್ಲ. ಅಂಥ ನಿರ್ಧಾರಕ್ಕೆ ಮುಂಚೆ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಕ್ರಮವೊಂದಿದೆ. ‘ಮೆಷಿನ್ ಬಂದು ವರ್ಷವಾಯಿತು, ಖರೀದಿ ಪೂರ್ತಿ ವಿಫಲವಾಗಿದೆ, ಏಕೆ?’ ಎಂದು ಕೇಳಿ, ಎಲ್ಲರೂ ಮೂರು ನಿಮಿಷ ಮಾತಾಡದೆ ಕಾರಣ ಬರೆಯಲಿ. ಓದುವಾಗ ಕಿರಿಯರಿಂದ ಶುರು ಮಾಡಿ, ನೀವೂ ಮಾಲೀಕರೂ ಕೊನೆಗೆ ಓದಿ. ಹಿರಿಯರು ಮೊದಲು ಬಾಯಿ ಬಿಟ್ಟರೆ ಉಳಿದವರ ಚೀಟಿಯಲ್ಲಿರುವುದು ಹೊರಗೆ ಬರುವುದಿಲ್ಲ.

ಮಾಲೀಕರಿಗೆ ಈ ವಾರ ಹೀಗೆ ಹೇಳಿ: ಕೊಟೇಶನ್ ತರಿಸೋಣ, ಗಂಟೆವಾರು ಅಳತೆಯ ಪಟ್ಟಿಯೂ ಮೂರು ದಿನದ ಪರೀಕ್ಷೆಯೂ ಮುಗಿಯುವವರೆಗೆ ಅಡ್ವಾನ್ಸ್ ಬೇಡ.